ಎಲೆಕ್ಟ್ರಿಕ್ ಕಾರನ್ನು ಸೋಲಿಸಿದ್ದು ಎಲೆಕ್ಟ್ರಿಕ್ ಮೋಟಾರೇ

ಲಿಸ್ಲ್‌ನಿಂದ ಓಗ್ಡೆನ್ ಅವೆನ್ಯೂ ಹಿಡಿದು ನೇಪರ್‌ವಿಲ್ ಕಡೆ ಹೊರಟರೆ ಕಾರು ಮಾರುವವರ ಅಂಗಡಿಗಳು ಸಿಗುತ್ತವೆ. ಹೊಸದಾಗಿ ಬಂದ ನಮ್ಮವರು ಮೊದಲ ಸೆಕೆಂಡ್ ಹ್ಯಾಂಡ್ ಕಾರು ಹುಡುಕೋದು ಇಂಥ ಕಡೆಗಳಲ್ಲೇ. ಈಗೀಗ ಅಲ್ಲಿ ಹಳೇ ಎಲೆಕ್ಟ್ರಿಕ್ ಕಾರುಗಳೂ ಮಾರಾಟಕ್ಕೆ ಬರುತ್ತಿವೆ. "ನೀನು ಎಲೆಕ್ಟ್ರಿಷಿಯನ್ ಅಲ್ವೇನಪ್ಪಾ, ಇದು ಹೊಸ ಟೆಕ್ನಾಲಜಿ, ನಂಬಬಹುದಾ?" ಅಂತ ನನ್ನನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ನಂಬೋದು ಆಮೇಲಿನ ಮಾತು, ಹೊಸದು ಅನ್ನೋದೇ ತಪ್ಪು. ಷಿಕಾಗೊ ಸೀಮೆಯಲ್ಲಿ ಈ ಕಾರಿಗೆ ನೂರಮೂವತ್ತು ವರ್ಷದ ಚರಿತ್ರೆ ಇದೆ.

1895ರ ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್ ದಿನ. ಟೈಮ್ಸ್-ಹೆರಾಲ್ಡ್ ಪತ್ರಿಕೆಯವರು ಷಿಕಾಗೊದ ಜಾಕ್ಸನ್ ಪಾರ್ಕಿನಿಂದ ಇವಾನ್‌ಸ್ಟನ್‌ಗೆ ಹೋಗಿ ಬರುವ ಸುಮಾರು 54 ಮೈಲಿಯ ರೇಸ್ ಇಟ್ಟರು. ರಸ್ತೆ ತುಂಬ ಹಿಮ. ಹೊರಟದ್ದು ಆರು ಗಾಡಿ, ಅದರಲ್ಲಿ ಎರಡು ಬ್ಯಾಟರಿಯವು. ಆ ಚಳಿಯಲ್ಲಿ, ಆ ಹಿಮದಲ್ಲಿ ಚಕ್ರ ಎಳೆದೂ ಎಳೆದೂ ಎರಡೂ ಬ್ಯಾಟರಿ ಇಳಿದು ನಡುದಾರಿಯಲ್ಲೇ ನಿಂತವು. ಗೆದ್ದದ್ದು ಡ್ಯೂರಿಯಾ ಸಹೋದರರ ಪೆಟ್ರೋಲ್ ಗಾಡಿ, ಅದೂ ಹತ್ತು ಗಂಟೆ ಮೀರಿ! ಎರಡನೆಯದಾಗಿ ಬಂದ ಬೆಂಜ್ ಗಾಡಿಯ ಚಾಲಕ ಚಳಿಗೆ ಪ್ರಜ್ಞೆ ತಪ್ಪಿದ್ದ. ಪಕ್ಕದಲ್ಲಿ ಅಂಪೈರ್ ಆಗಿ ಕೂತಿದ್ದ ಚಾರ್ಲ್ಸ್ ಕಿಂಗ್ ಅದನ್ನು ಗುರಿ ಮುಟ್ಟಿಸಿದ. 1896ರ ಮಾರ್ಚಿನಲ್ಲಿ ಡೆಟ್ರಾಯಿಟ್ ಬೀದಿಯಲ್ಲಿ ಮೊದಲ ಕಾರು ಓಡಿಸಿದವನೂ ಇವನೇ. ಹೆನ್ರಿ ಫೋರ್ಡ್‌ನ ಗಾಡಿ ಬಂದದ್ದು ಅದಾದ ಮೂರು ತಿಂಗಳಿಗೆ.

2024ರ ಜನವರಿ ಚಳಿಯಲ್ಲಿ ನಮ್ಮ ಪಕ್ಕದ ಓಕ್ ಬ್ರೂಕ್‌ನ ಚಾರ್ಜಿಂಗ್ ಸ್ಟೇಷನ್‌ನಲ್ಲಿ ಕಾರುಗಳು ಸಾಲುಗಟ್ಟಿ ನಿಂತದ್ದನ್ನು ಟೀವಿಯಲ್ಲಿ ನೋಡಿದವರಿಗೆ ಆ ರೇಸು ಅರ್ಥವಾಗುತ್ತೆ. ಬ್ಯಾಟರಿಯೊಳಗೆ ನಡೆಯೋದು ರಾಸಾಯನಿಕ ಕ್ರಿಯೆ. ಚಳಿಗೆ ಅದು ನಿಧಾನವಾಗುತ್ತೆ, ಕೊಡೋದೂ ಕಮ್ಮಿ, ತಗೊಳ್ಳೋದೂ ಕಮ್ಮಿ.

ಹಾಗಂತ ಆಗ ಜನ ಕೈಬಿಡಲಿಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ ಉಗಿಯವು 1,681, ಎಲೆಕ್ಟ್ರಿಕ್ 1,575, ಪೆಟ್ರೋಲಿನವು ಬರೀ 936. ಕಾರಣ ಸರಳ. ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಬೇಕಾದರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟೇ ಮುರಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಹ್ಯಾಂಡಲ್ಲಿಲ್ಲ, ಹೊಗೆಯಿಲ್ಲ, ಗೇರಿನ ಗೋಳಿಲ್ಲ. 1907ರಿಂದ ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನೋ ಕಾರು ಬಂತು. ಊರಿಗೆಲ್ಲ ಪೆಟ್ರೋಲ್ ಕಾರು ಮಾರಿದ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಇದನ್ನೇ! ಆಕೆಯ 1914ರ ಕಾರು ಡಿಯರ್‌ಬಾರ್ನ್‌ನ ಮ್ಯೂಸಿಯಂನಲ್ಲಿದೆ. ಇತ್ತ ಷಿಕಾಗೊದ ವುಡ್ಸ್ ಕಂಪನಿ 1916ರ ಹೊತ್ತಿಗೇ ಬ್ಯಾಟರಿ, ಪೆಟ್ರೋಲ್ ಎರಡೂ ಇರುವ ಕಾರು ಮಾಡಿತ್ತು. ಹೈಬ್ರಿಡ್ ಅಂದರೆ ಜಪಾನಿನವರದು ಅಂತ ವಾದ ಮಾಡುವ ನಮ್ಮ ಗೆಳೆಯರು ಇದನ್ನು ಗಮನಿಸಬೇಕು.

ಆದರೆ ಇದು ದೊಡ್ಡ ಮನೆಯವರ ಕಾರು. ಫೋರ್ಡ್‌ನ ಮಾಡೆಲ್ ಟಿಗಿಂತ ಹಲವು ಪಟ್ಟು ದುಬಾರಿ. ಮನೆಗೆ ಬರೋದು ಎಸಿ, ಬ್ಯಾಟರಿಗೆ ಬೇಕಾದ್ದು ಡಿಸಿ. ಅದಕ್ಕೇ ಗ್ಯಾರೇಜಿನಲ್ಲಿ ಪಾದರಸದ ಗಾಜಿನ ಬುರುಡೆ ಇಟ್ಟ ರೆಕ್ಟಿಫೈಯರ್ ಕೂರಿಸಬೇಕಿತ್ತು. ಸ್ವಂತ ಗ್ಯಾರೇಜೂ ಇಲ್ಲದ, ಮನೆಗೆ ಕರೆಂಟೂ ಬಾರದ ಕೆಲಸಗಾರ ಅತ್ತ ತಿರುಗಿಯೂ ನೋಡುವಂತಿರಲಿಲ್ಲ.

ಅಷ್ಟರಲ್ಲಿ ಚಾರ್ಲ್ಸ್ ಕೆಟರಿಂಗ್ ಬಂದ. ಎಂಜಿನ್ ತಿರುಗಿಸುವ ಮೋಟಾರು ಕಾರಿನಲ್ಲಿ ಹಿಡಿಸದಷ್ಟು ದೊಡ್ಡದಾಗಬೇಕು ಅಂತ ಎಲ್ಲರ ಲೆಕ್ಕ. ಈತ ಮೊದಲು ಅಂಗಡಿಯ ಕ್ಯಾಷ್ ರಿಜಿಸ್ಟರಿಗೆ ಮೋಟಾರು ಕೂರಿಸಿದವನು. ಕೆಲವೇ ಸೆಕೆಂಡು ಓಡುವ ಮೋಟಾರಿಗೆ ಅದರ ಅಳತೆ ಮೀರಿದ ಭಾರ ಹೊರಿಸಬಹುದು, ಬಿಸಿಯಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತೆ ಅನ್ನೋದು ಅವನಿಗೆ ಗೊತ್ತಿತ್ತು. ನಾವು ಐಟಿಐನಲ್ಲಿ ಓದಿದ್ದೂ ಇದೇ. 1912ರ ಕ್ಯಾಡಿಲಾಕ್‌ನಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. 1919ರಿಂದ ಮಾಡೆಲ್ ಟಿಗೂ ಸಿಕ್ಕಿತು. ಹ್ಯಾಂಡಲ್ ಹೋದ ಮೇಲೆ ಎಲೆಕ್ಟ್ರಿಕ್ ಕಾರಿಗೆ ದುಬಾರಿ ಬೆಲೆ ಕೊಡೋಕೆ ಕಾರಣವೇ ಉಳಿಯಲಿಲ್ಲ. ಡೆಟ್ರಾಯಿಟ್ ಎಲೆಕ್ಟ್ರಿಕ್ ಕುಂಟುತ್ತಾ 1939ರವರೆಗೆ ಬಂದು ನಿಂತಿತು.

ಇದರ ಇನ್ನೊಂದು ಕೊಂಡಿ ನಮ್ಮ ಬೆಂಗಳೂರಿಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಹುಡುಗರು ಕಟ್ಟಿದ ಸನ್‌ರನ್ನರ್ ಅನ್ನೋ ಸೋಲಾರ್ ಕಾರು 1990ರಲ್ಲಿ ಇಲ್ಲಿನ ಸನ್‌ರೇಸ್ ಗೆದ್ದಿತು. ಆ ತಂಡದಲ್ಲಿದ್ದ ಚೇತನ್ ಮೈನಿ ಊರಿಗೆ ಮರಳಿ 2001ರಲ್ಲಿ ರೇವಾ ಕಾರು ಬಿಟ್ಟರು. ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟು, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲೂ ಓಡಿತು. 2010ರಲ್ಲಿ ಮಹೀಂದ್ರಾ ಕಂಪನಿ ಅದನ್ನು ಕೊಂಡಿತು. ಬಾಡಿ ಚೆನ್ನಾಗಿರುವ ಹಳೇ ರೇವಾ ಕೊಳ್ಳುವವರಿಗೂ ಇದ್ದ ಚಿಂತೆ ಒಂದೇ: ಬ್ಯಾಟರಿ ಬದಲಿಸುವ ಖರ್ಚು.

ಆದ್ದರಿಂದ ಓಗ್ಡೆನ್ ಅವೆನ್ಯೂಗೆ ಹೋಗುವವರು ಓಡಿದ ಮೈಲಿ ನೋಡುವ ಮೊದಲು ಬ್ಯಾಟರಿ ಹೆಲ್ತ್ ರಿಪೋರ್ಟ್ ಕೇಳಿ. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿ, ಎಷ್ಟು ಉಳಿದಿದೆ ಲೆಕ್ಕ ಹಾಕಿ. ಟೆಸ್ಟ್ ಡ್ರೈವ್ ಜನವರಿಯಲ್ಲಾದರೆ ಒಳ್ಳೇದು. ಬಾಡಿಗೆ ಅಪಾರ್ಟ್‌ಮೆಂಟಿನವರು ಮಾತ್ರ ಮೊದಲು ಪಾರ್ಕಿಂಗ್ ಜಾಗಕ್ಕೆ ಹೋಗಿ ಪ್ಲಗ್ ಎಲ್ಲಿದೆ ಹುಡುಕಿ. ಸಾದಾ 120 ವೋಲ್ಟಿನ ಪ್ಲಗ್ಗಿನಲ್ಲಿ ಗಂಟೆಗೆ ಮೂರರಿಂದ ಐದು ಮೈಲಿಯಷ್ಟೇ ತುಂಬುತ್ತೆ, ಅದೂ ಮಾಲೀಕರು ಒಪ್ಪಿದರೆ.