ಕರಾವಳಿಯ ಹಳೆಯ ದಾರಿ ಪೂರ್ವಕ್ಕಿತ್ತು

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಎರಡು ದಿನ ರಜೆ ಕೂಡಿಬಂದರೆ ಕಾರು ಹತ್ತಿ ಈ ದಾರಿ ಹಿಡಿಯುವುದು ಈಗ ಕನ್ನಡನಾಡಿನ ಅನೇಕ ಕುಟುಂಬಗಳ ಅಚ್ಚುಮೆಚ್ಚಿನ ತಿರುಗಾಟ. ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಮಂಗಳೂರಿನಲ್ಲಿ ಕೋರಿ ರೊಟ್ಟಿ, ಕುಂದಾಪುರದಲ್ಲಿ ಘೀ ರೋಸ್ಟ್, ಭಟ್ಕಳದಲ್ಲಿ ಬಿರಿಯಾನಿ, ಕಾರವಾರದಲ್ಲಿ ಮುರುಗಲು ಹಾಕಿದ ಮೀನುಸಾರು. ಹೀಗೆ ಹೋಗಿಬಂದವರ ಮನಸ್ಸಿನಲ್ಲಿ ಕರಾವಳಿ ಎಂದರೆ ದಕ್ಷಿಣೋತ್ತರವಾಗಿ ಎಳೆದ ಒಂದು ಉದ್ದ ಗೆರೆ, ಅದರ ಮೇಲೆ ಸಾಲಾಗಿ ಕೂತ ಊರುಗಳು, ಊರಿಗೊಂದು ತಿಂಡಿ ಎಂಬ ಚಿತ್ರ ನಿಲ್ಲುತ್ತದೆ. ಈ ಚಿತ್ರ ಬಹಳ ಹೊಸದು. ಕರಾವಳಿಯ ಜೀವನ ನೂರಾರು ವರ್ಷ ಸಾಗಿದ್ದು ಆ ಗೆರೆಯ ಮೇಲಲ್ಲ, ಅದಕ್ಕೆ ಅಡ್ಡವಾಗಿ: ಅಳಿವೆಯಿಂದ ಹೊಳೆಯ ಗುಂಟ ಮೇಲಕ್ಕೆ, ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಗೆ. ನಾವು ಇಂದು ಕರಾವಳಿಯ ಊಟ ಎಂದು ಮೆಚ್ಚುವುದರ ಬಹುಪಾಲು ಹುಟ್ಟಿದ್ದೂ ಆ ಅಡ್ಡದಾರಿಗಳಲ್ಲಿಯೇ ಎಂಬುದು ನನ್ನ ವಾದ.

ನೆಲದ ರಚನೆಯಿಂದಲೇ ಶುರುಮಾಡಬಹುದು. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಗಂಗೊಳ್ಳಿಯಲ್ಲಿ ಒಟ್ಟುಗೂಡುವ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ದಕ್ಷಿಣದಿಂದ ಉತ್ತರಕ್ಕೆ ಹೋಗುವವನು ಇವನ್ನೆಲ್ಲ ಒಂದೊಂದಾಗಿ ದಾಟಬೇಕು. ಇವು ಘಟ್ಟದಲ್ಲಿ ಕಿರಿದಾಗಿದ್ದು ಕಡಲ ಬಳಿ ಹಿನ್ನೀರಾಗಿ ಹರಡಿಕೊಳ್ಳುತ್ತವೆ, ದಾಟಲು ಅತ್ಯಂತ ಕಷ್ಟವಾದ ಜಾಗದಲ್ಲಿಯೇ ಕರಾವಳಿ ರಸ್ತೆ ಅವನ್ನು ದಾಟಬೇಕಾಗುತ್ತದೆ. ಅದೇ ಹೊಳೆಯಲ್ಲಿ ದೋಣಿ ಹತ್ತಿ ಪೂರ್ವಕ್ಕೆ ಹೋಗುವವನಿಗೆ ಉಬ್ಬರದ ನೀರೇ ಸಹಾಯ. ಹಾಗಾಗಿ ಹಳೆಯ ವ್ಯಾಪಾರದ ಊರುಗಳು ಇಂದಿನ ಹೆದ್ದಾರಿಯ ಮೇಲಿಲ್ಲ. ಬಾರಕೂರು ಸೀತಾ ನದಿಯ ದಂಡೆಯಲ್ಲಿ, ಬಸರೂರು ವಾರಾಹಿಯ ದಂಡೆಯಲ್ಲಿ, ಗೇರುಸೊಪ್ಪೆ ಶರಾವತಿಯ ಗುಂಟ ಘಟ್ಟದ ಬುಡದಲ್ಲಿ. ಬ್ರಹ್ಮಾವರ, ಕುಂದಾಪುರ, ಹೊನ್ನಾವರಗಳಲ್ಲಿ ಹೆದ್ದಾರಿ ಹಿಡಿದು ಮುಂದೆ ಸಾಗುವ ಪ್ರವಾಸಿಗೆ ಈ ಮೂರೂ ಕಾಣಿಸುವುದಿಲ್ಲ. ಕರಾವಳಿಯ ಸಂಪತ್ತೆಲ್ಲ ಒಂದು ಕಾಲದಲ್ಲಿ ಇವುಗಳ ಮೂಲಕವೇ ಹರಿದಿತ್ತು.

ಹಳೆಯ ಪ್ರವಾಸಿಗರು ನಡೆದ ದಾರಿಯೂ ಇದನ್ನೇ ಹೇಳುತ್ತದೆ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದದ್ದು ಹಡಗಿನಲ್ಲಿ. ಮಂಗಳೂರಿನಲ್ಲಿ ಇಳಿದವನು ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಮರಳುವಾಗ ಮತ್ತೆ ಘಟ್ಟ ಇಳಿದು ಹೊನ್ನಾವರದಲ್ಲಿ ಹಡಗು ಹತ್ತಿದ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದಿಂದ ಕಡಲ ಮೇಲೆ ಹೊನ್ನಾವರ ಮುಟ್ಟಿ, ಶರಾವತಿಯಲ್ಲಿ ದೋಣಿಯಿಂದ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಇಕ್ಕೇರಿಗೆ ಏರಿದ. ಇಬ್ಬರಿಗೂ ದಕ್ಷಿಣೋತ್ತರದ ದಾರಿ ಎಂದರೆ ಕಡಲು, ನೆಲದ ದಾರಿ ಎಂದರೆ ಪೂರ್ವ. ರಾಜ್ಯಗಳ ರಚನೆಯೂ ಹಾಗೆಯೇ ಇತ್ತು. ವಿಜಯನಗರ ಘಟ್ಟದ ಮೇಲಿನಿಂದ ಬಾರಕೂರು, ಮಂಗಳೂರು ರಾಜ್ಯಗಳನ್ನು ಆಳಿತು. ಕೆಳದಿಯ ನಾಯಕರ ರಾಜಧಾನಿಗಳಾದ ಕೆಳದಿ, ಇಕ್ಕೇರಿ, ಬಿದನೂರುಗಳೆಲ್ಲ ಘಟ್ಟದ ಮೇಲೆ. ಬೊಕ್ಕಸಕ್ಕೆ ಬಂದ ಹಣದ ದೊಡ್ಡ ಪಾಲು ಕೆಳಗಿನ ಬಂದರುಗಳ ಅಕ್ಕಿ ಮತ್ತು ಮೆಣಸಿನದು. ಗೋವಾದ ಪೋರ್ಚುಗೀಸರಿಗೆ ಕರಾವಳಿಯ ಅಕ್ಕಿಯಿಲ್ಲದೆ ಊಟ ಸಾಗುತ್ತಿರಲಿಲ್ಲ. 1568-69ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿದ್ದು ಈ ಅಕ್ಕಿ-ಮೆಣಸಿನ ಮೇಲೆ ಹಿಡಿತ ಸಾಧಿಸಲು. 17ನೆಯ ಶತಮಾನದ ನಡುವಿನಲ್ಲಿ ಶಿವಪ್ಪ ನಾಯಕ ಆ ಕೋಟೆಗಳನ್ನು ಕಿತ್ತುಕೊಂಡದ್ದೂ ಅದಕ್ಕೇ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಒದಗಿಸುವವನು ಪ್ರವಾಸಿ ಇಬ್ನ್ ಬತೂತ. 1340ರ ದಶಕದಲ್ಲಿ ಈ ತೀರದಲ್ಲಿ ಓಡಾಡಿದ ಅವನು ಗೋವಾದಿಂದ ಕೊಲ್ಲಂವರೆಗೆ ಎರಡು ತಿಂಗಳ ನೆಲದಾರಿ ಇತ್ತೆಂದು ಬರೆದಿದ್ದಾನೆ: ಉದ್ದಕ್ಕೂ ಮರದ ನೆರಳು, ಅರ್ಧ ಮೈಲಿಗೊಂದು ಮರದ ತಂಗುಮನೆ, ಕೂರಲು ಜಗಲಿ, ಕುಡಿಯಲು ಬಾವಿ. ಹಾಗಾದರೆ ಕರಾವಳಿಯ ದಾರಿ ಹೊಸದೆಂಬುದು ತಪ್ಪಲ್ಲವೆ? ಅವನ ಮುಂದಿನ ಮಾತುಗಳನ್ನು ಗಮನಿಸಬೇಕು. ಇಲ್ಲಿ ಯಾರೂ ಪ್ರಾಣಿಗಳ ಮೇಲೆ ಸವಾರಿ ಮಾಡುವುದಿಲ್ಲ, ಕುದುರೆ ಇರುವುದು ರಾಜನ ಬಳಿ ಮಾತ್ರ, ಸರಕೆಲ್ಲ ಸಾಗುವುದು ಆಳುಗಳ ಬೆನ್ನಮೇಲೆ ಎನ್ನುತ್ತಾನೆ. ಅದು ಕಾಲುದಾರಿ. ಯಾತ್ರಿಕ, ಸಂದೇಶ ಒಯ್ಯುವವ, ಹೊರೆ ಹೊತ್ತವ ಅದರಲ್ಲಿ ನಡೆಯಬಹುದಿತ್ತು. ಊರೂರಿನ ಅಡುಗೆಮನೆಗಳನ್ನು ಒಂದಕ್ಕೊಂದು ಬೆಸೆಯುವಷ್ಟು ಸರಕು ಅದರಲ್ಲಿ ಸಾಗುತ್ತಿರಲಿಲ್ಲ.

ಇಬ್ನ್ ಬತೂತ ನಮಗೆ ಇನ್ನೂ ಅಮೂಲ್ಯವಾದುದನ್ನು ಬಿಟ್ಟುಹೋಗಿದ್ದಾನೆ: ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟ. ಅನ್ನಕ್ಕೆ ತುಪ್ಪ, ಜೊತೆಗೆ ಉಪ್ಪಿನಲ್ಲಿ ಹಾಕಿದ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವು, ಮತ್ತೆ ಅನ್ನ, ಅದಕ್ಕೆ ಕೋಳಿ, ಮೀನು, ತರಕಾರಿ, ಕಡೆಗೆ ಹುಳಿಹಾಲು. ಹನ್ನೊಂದು ತಿಂಗಳು ಇವನ ಜೊತೆಗಿದ್ದಾಗ ರೊಟ್ಟಿಯನ್ನೇ ತಿನ್ನಲಿಲ್ಲ ಎಂದು ಬೇರೆ ಹೇಳಿಕೊಂಡಿದ್ದಾನೆ. ಸುಮಾರು ಏಳು ಶತಮಾನಗಳ ಹಿಂದಿನ ಈ ಎಲೆಯನ್ನು ಇಂದಿನ ಉತ್ತರ ಕನ್ನಡದವರು ತಕ್ಷಣ ಗುರುತಿಸುತ್ತಾರೆ. ಅದರಲ್ಲಿ ಒಣಮೆಣಸಿನಕಾಯಿ ಮಾತ್ರ ಇಲ್ಲ, ಅದಿನ್ನೂ ಅಮೆರಿಕ ಖಂಡದಲ್ಲೇ ಇತ್ತು. ಎಲೆಯ ಮೇಲಿದ್ದುದು ಎಲ್ಲಿಂದ ಬಂತೆಂದು ನೋಡಿದರೆ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೀನು ಅಳಿವೆಯದು, ಅಕ್ಕಿ ಹೊಳೆದಂಡೆಯ ಗದ್ದೆಗಳದು, ಮೆಣಸು ಘಟ್ಟದ ತಪ್ಪಲಿನದು. ಒಂದೇ ಕಣಿವೆಯ ಬುಡದಿಂದ ತಲೆಯವರೆಗಿನ ಬೆಳೆ ಒಂದು ಎಲೆಯಲ್ಲಿ ಕೂಡಿತ್ತು.

ಅಘನಾಶಿನಿಯ ಕಣಿವೆಯಲ್ಲಿ ಈ ಕೂಟ ಇಂದಿಗೂ ಕಣ್ಣಿಗೆ ಕಾಣುತ್ತದೆ. ಕುಮಟಾದ ಬಳಿ ಮಾಣಿಕಟ್ಟೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟರೆ ಮೀನು, ಸಿಗಡಿ. ಅಳಿವೆಯ ಕೆಸರಿನಲ್ಲಿ ಬಳಚು. ಹತ್ತಿರದ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು. ಹೊಳೆಯ ಗುಂಟ ಮೇಲೆ ಹೋದರೆ ದಂಡೆಯ ಕಾಡಿನಲ್ಲಿ ಅಪ್ಪೆಮಿಡಿ, ಮುರುಗಲು, ಇನ್ನೂ ಮೇಲೆ ಮೆಣಸು, ಏಲಕ್ಕಿ. ಅಪ್ಪೆಮಿಡಿಯ ಉಪ್ಪಿನಕಾಯಿ ಮಲೆನಾಡಿನದು ಎಂದೇ ಎಲ್ಲರ ನಂಬಿಕೆ. ಆದರೆ ಅದು ವರ್ಷಗಟ್ಟಲೆ ಕೆಡದೆ ನಿಲ್ಲುವುದು ಉಪ್ಪಿನಿಂದ, ಆ ಉಪ್ಪು ಸಿಗುತ್ತಿದ್ದುದು ಘಟ್ಟದ ಕೆಳಗೆ. 2024ರ ಆರಂಭದಲ್ಲಿ ಅಘನಾಶಿನಿಯ ಅಳಿವೆಗೆ ಜೌಗುಭೂಮಿಗಳಿಗೆ ಕೊಡುವ ರಾಮ್ಸರ್ ಮನ್ನಣೆ ಸಿಕ್ಕಿದಾಗ ಹಕ್ಕಿ, ಮೀನು, ಕಾಂಡ್ಲಾಗಳ ಬಗ್ಗೆ ಬಹಳ ಮಾತಾಯಿತು. ಅದು ಒಂದು ಇಡೀ ಅಡುಗೆಯ ತವರು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಹೊಳೆಗಿಂತ ಸಮುದಾಯವೇ ಊಟವನ್ನು ನಿರ್ಧರಿಸುತ್ತದಲ್ಲವೆ ಎಂದು ಕೇಳುವವರಿದ್ದಾರೆ. ಕಾರವಾರದ ಸಾರಸ್ವತರ ಮನೆಯ ದಾಳಿತೊವೆ ಮಂಗಳೂರಿನ ಸಾರಸ್ವತರ ಮನೆಯಲ್ಲೂ ಇದೆ. ಮೊಗವೀರರು, ಬಂಟರು, ಕ್ರೈಸ್ತರು, ನವಾಯತರು, ಹವ್ಯಕರು ಒಂದೇ ಊರಿನಲ್ಲಿದ್ದರೂ ಬೇರೆ ಬೇರೆಯಾಗಿ ಅಡುಗೆ ಮಾಡುತ್ತಾರೆ. ಈ ಮಾತಿನಲ್ಲಿ ನಿಜವಿದೆ, ನನ್ನ ವಾದವನ್ನು ಅದು ತಿದ್ದುತ್ತದೆ ಕೂಡ. ಆದರೆ ಈ ಜನ ತೀರದ ಉದ್ದಕ್ಕೂ ಹರಡಿದ್ದು ಹೇಗೆ? ನವಾಯತರ ಪೂರ್ವಿಕರಲ್ಲಿ ಅರಬ್ ವರ್ತಕರು ಬಂದದ್ದು ಕಡಲ ಮೇಲೆ. ಗೋವಾ ಬಿಟ್ಟು ದಕ್ಷಿಣಕ್ಕೆ ಬಂದ ಸಾರಸ್ವತರಿಗೂ ಕ್ರೈಸ್ತರಿಗೂ ಕಡಲು ದೊಡ್ಡ ದಾರಿಯಾಗಿತ್ತು. ಬಂದು ನೆಲೆಸಿದ ಮೇಲೆ ಆಯಾ ಕಣಿವೆಯಲ್ಲಿ ಸಿಕ್ಕ ಹುಳಿ, ಸಿಕ್ಕ ಅಕ್ಕಿ ಅವರ ಪಾತ್ರೆ ಸೇರಿತು. ತುಳುನಾಡಿನ ಬಂಗುಡೆ ಪುಳಿಮುಂಚಿಗೆ ಹುಣಸೆ, ಅಂಕೋಲಾ-ಕಾರವಾರದ ಸಾರಿಗೆ ಮುರುಗಲು ಸಿಪ್ಪೆ, ಕ್ರೈಸ್ತರ ಹಂದಿಮಾಂಸಕ್ಕೆ ಗೋವಾದಿಂದ ಬಂದ ವಿನೆಗರ್ ಅಭ್ಯಾಸ. ಕಡಲು ಜನರನ್ನು ತಂದಿತು, ಹೊಳೆ ಅವರಿಗೆ ರುಚಿ ಕೊಟ್ಟಿತು ಎಂದು ಹೇಳಿದರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ಬ್ರಿಟಿಷರ ಕಾಲದಲ್ಲೂ ಅಡ್ಡದಾರಿಯ ಹಿಡಿತ ಸಡಿಲಲಿಲ್ಲ, ಬಿಗಿಯಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಒಂದೇ ಜಿಲ್ಲೆಯಾಗಿ ಕಂಪನಿಯ ಕೈಸೇರಿತ್ತು. 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಅದರ ಹಿಂದೆ ಇದ್ದುದು ಧಾರವಾಡ ಸೀಮೆಯ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಕಾರವಾರವನ್ನು ದೊಡ್ಡ ಬಂದರು ಮಾಡಿ, ಘಟ್ಟದ ರಸ್ತೆಗಳಿಂದ ಹತ್ತಿ ಇಳಿಸಬೇಕೆಂಬ ಒತ್ತಾಯ ಮುಂಬಯಿ ವರ್ತಕರದು. ಧಾರವಾಡದ ಹತ್ತಿ ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು, ಅದು ಹಡಗು ಹತ್ತುತ್ತಿದ್ದ ಬಂದರಿನ ಹೆಸರಿನಿಂದ. ಒಂದೇ ತೀರದ ಎರಡು ತುಂಡುಗಳು 1956ರವರೆಗೆ ಬೇರೆ ಆಡಳಿತಗಳಲ್ಲಿ ಉಳಿದವು. ರೈಲಿನ ಕತೆ ಇನ್ನೂ ಸೋಜಿಗದ್ದು. ಮಂಗಳೂರಿಗೆ ಮಲಬಾರಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಘಟ್ಟ ಸೀಳಿ ಹಾಸನದ ದಾರಿ ತೆರೆದದ್ದು 1979ರಲ್ಲಿ. ತೀರದ ಗುಂಟ ಉತ್ತರಕ್ಕೆ ಕೊಂಕಣ ರೈಲ್ವೆ ಪೂರ್ತಿ ಆದದ್ದು 1998ರಲ್ಲಿ. ಮಂಗಳೂರಿನಿಂದ ಉಡುಪಿಗೆ ರೈಲು ಹೋಗುವ ಮುಂಚೆ ಎಂಬತ್ತಕ್ಕೂ ಹೆಚ್ಚು ವರ್ಷ ಮದರಾಸಿಗೆ ರೈಲು ಹೋಗುತ್ತಿತ್ತು.

ರಸ್ತೆಯಲ್ಲಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಬಸ್ಸು ಬಂದರೂ ದೊಡ್ಡ ಹೊಳೆಗಳು ಹಾಗೇ ಇದ್ದವು. ಬಸ್ಸಿಳಿದು ಕಡವಿನಲ್ಲಿ ಕಾದು ದೋಣಿ ದಾಟಿ ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತಬೇಕು. ವಾಹನವನ್ನೇ ದಾಟಿಸುವುದಾದರೆ ಜೋಡಿದೋಣಿಗೆ ಹಲಗೆ ಹಾಸಿದ ಜಂಗಲ್. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಅದೂ ಇಲ್ಲ, ಕಡಲಿಗೂ ಇಳಿಯುವಂತಿಲ್ಲ. ಆ ನಾಲ್ಕು ತಿಂಗಳು ಊರು ತನ್ನ ಸಂಗ್ರಹದ ಮೇಲೆ ಬದುಕಬೇಕು. ಒಣಮೀನು, ಒಣಸಿಗಡಿ ಚಟ್ನಿ, ಉಪ್ಪುಸೊಳೆ, ಹಪ್ಪಳ, ಸಂಡಿಗೆ, ಕುಚ್ಚಲಕ್ಕಿ ಗಂಜಿ, ಆಟಿ ತಿಂಗಳಲ್ಲಿ ಹಿತ್ತಿಲ ಕೆಸುವಿನ ಪತ್ರೊಡೆ, ಕಣಿಲೆ. ಕರಾವಳಿಯ ಅಡುಗೆಯ ಅತ್ಯಂತ ಚತುರ ಭಾಗ ಇದು. ಹೆಚ್ಚಿನ ಪ್ರವಾಸಿಗರು ಮಳೆ ನಿಂತ ಮೇಲೆ ಬರುವುದರಿಂದ ಹೋಟೆಲಿನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಸೇತುವೆಗಳಾದ ಮೇಲೆ ಬೇರೊಂದು ಅಡುಗೆ ಬೆಳೆಯಿತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು ದಡದಿಂದ ಎಳೆಯುವ ರಂಪಣಿಯನ್ನು ಮೂಲೆಗೆ ಸರಿಸಿತು. ಐಸಿನಲ್ಲಿಟ್ಟ ಮೀನು ಲಾರಿ ಹತ್ತಿತು. ಕಾಣೆ ರವಾ ಫ್ರೈ ದಾರಿಬದಿಯ ಹೋಟೆಲುಗಳ ಗುರುತಾಯಿತು. ಘೀ ರೋಸ್ಟ್‌ನ ಹುಟ್ಟನ್ನು ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ಗೆ ಸಲ್ಲಿಸುವುದು ರೂಢಿ. ಇವು ಹೆದ್ದಾರಿಯ ಮಕ್ಕಳು, ಇವನ್ನು ನಕಲಿ ಎನ್ನುವವರ ಜೊತೆ ನಾನಿಲ್ಲ. ಮೆಣಸಿನಕಾಯಿಯೂ ಒಂದು ಕಾಲಕ್ಕೆ ಪೋರ್ಚುಗೀಸರ ಹಡಗಿನಿಂದ ಇಳಿದ ಪರದೇಶಿ ವಸ್ತು. ಆದರೆ ಹೆದ್ದಾರಿಯ ಈ ಮಕ್ಕಳೂ ಅಡ್ಡದಾರಿಯ ಹಾಲು ಕುಡಿದವರೇ. ಘೀ ರೋಸ್ಟ್‌ಗೆ ಆ ಗಾಢ ಕೆಂಪು ಬರುವುದು ಬ್ಯಾಡಗಿ ಮೆಣಸಿನಕಾಯಿಯಿಂದ. ಬ್ಯಾಡಗಿ ಹಾವೇರಿ ಜಿಲ್ಲೆಯಲ್ಲಿ, ಘಟ್ಟದ ಆಚೆ ಇದೆ. ಕೋಳಿಗಸಿಯೂ ಮೀನಿನ ಮಸಾಲೆಯೂ ಅದೇ ಕೆಂಪನ್ನೇ ಬೇಡುತ್ತವೆ.

ಸೇತುವೆಯಿಲ್ಲದ ಕಾಲವನ್ನು ಸುಖದ ಕಾಲವೆಂದು ಬಣ್ಣಿಸುವುದು ಕ್ರೌರ್ಯವಾದೀತು. ಕಡವಿನಲ್ಲಿ ದೋಣಿ ಕಾಯುತ್ತ ಪ್ರಾಣ ಬಿಟ್ಟ ಬಾಣಂತಿಯರ ಮನೆಗಳಿಗೆ ಆ ಕಾಲ ಬೇಡ. ಸೇತುವೆ ಬೇಕೇ ಬೇಕು. ಆದರೆ ನೆಲದ ಓಟಕ್ಕೆ ಅಡ್ಡಲಾಗಿ ಹಾಕಿದ ರಸ್ತೆ ಎಷ್ಟು ಎಚ್ಚರ ಬೇಡುತ್ತದೆಂಬುದನ್ನು 2024ರ ಮಳೆಗಾಲ ತೋರಿಸಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಕುಸಿದು, ದಾರಿಬದಿಯ ಚಹಾದಂಗಡಿಯೂ ಅದರಲ್ಲಿದ್ದ ಜೀವಗಳೂ ಮಣ್ಣಾದವು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ನಡುರಾತ್ರಿಯಲ್ಲಿ ಮುರಿದುಬಿತ್ತು. ಅಗಲವಾದಷ್ಟೂ ಹೆದ್ದಾರಿ ಊರುಗಳ ಹೊರಗಿನಿಂದ, ಮೇಲಿನಿಂದ ಹಾಯುತ್ತದೆ. ನಿಲ್ಲುವ ಜಾಗಗಳು ಕಡಿಮೆಯಾಗುತ್ತವೆ, ನಿಂತರೂ ಎಲ್ಲೆಡೆ ಒಂದೇ ಪಟ್ಟಿಯ ಊಟ.

ಹಾಗಾಗಿ ಊಟದ ಆಸೆಯಿಂದಲೇ ಕರಾವಳಿಗೆ ಹೊರಡುವವರು ಒಂದು ಹೊಳೆಯನ್ನು ಆರಿಸಿಕೊಂಡು ಅದರ ಗುಂಟ ಹೋಗುವುದು ಒಳ್ಳೆಯದು. ಹೊನ್ನಾವರದಿಂದ ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪೆಗೆ ರಸ್ತೆಯಿದೆ. ಹೊಳೆಯ ಆಚೆ ಕಾಡಿನೊಳಗೆ ಚತುರ್ಮುಖ ಬಸದಿ ನಿಂತಿದೆ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು ಅದು. ಕುಂದಾಪುರದಿಂದ ಬಸರೂರು ಹಾದು ಹೊಸಂಗಡಿ, ಅಲ್ಲಿಂದ ಘಟ್ಟ ಏರಿದರೆ ಬಿದನೂರು, ಈಗಿನ ನಗರ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಅರ್ಧ ದಿನದಲ್ಲಿ ಬಳಚಿನ ಸುಕ್ಕಾದಿಂದ ಅಪ್ಪೆಹುಳಿ, ತಂಬುಳಿಯವರೆಗೆ ಊಟ ಬದಲಾಗುತ್ತದೆ. ಹತ್ತಿಯ ಗಾಡಿಗಳು ಕುಮಟಾ ಬಂದರಿಗೆ ಇಳಿದದ್ದು ಈ ಘಟ್ಟದಲ್ಲೇ. ಹಿಂದಿರುಗುವಾಗ ಅವು ಉಪ್ಪು, ತೆಂಗಿನಕಾಯಿ, ಒಣಮೀನು ಹೇರಿಕೊಂಡು ಮೇಲೇರುತ್ತಿದ್ದವು.