ರಾಕ್ಷಸ ತನ್ನ ಹೆಸರು ತಾನೇ ಹೇಳಿದಾಗ

ನಾನು ಹುಟ್ಟಿ ಬೆಳೆದದ್ದು ನ್ಯಾಮತಿ ಕಡೆ. ಆಗ ನ್ಯಾಮತಿ ಹೊನ್ನಾಳಿ ತಾಲೂಕಿಗೆ ಸೇರಿತ್ತು, ಜಿಲ್ಲೆ ಶಿವಮೊಗ್ಗ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಒಂದೇ ಜಿಲ್ಲೆಯಾದವು. ಈಗ ನ್ಯಾಮತಿಯೇ ಒಂದು ತಾಲೂಕು.

ಶಾಲೆಯಲ್ಲಿ ನಾಟಕ ಅಂದರೆ ನನಗೆ ರಾಕ್ಷಸನ ಪಾತ್ರ ಖಾಯಂ. ಅಭಿನಯ ಚೆನ್ನಾಗಿತ್ತು ಅಂತಲ್ಲ. "ಇವನಿಗಾದ್ರೆ ಬಣ್ಣದ ಖರ್ಚಿಲ್ಲ" ಅಂತ ಮೇಷ್ಟ್ರು ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಾತು ಅಂತ ನನಗೆ ಇರುತ್ತಿದ್ದದ್ದು ಎರಡೇ. ಬಂದ ತಕ್ಷಣ "ಹಹ್ಹಹ್ಹಾ", ಸಾಯುವಾಗ "ಅಯ್ಯೋ".

ಜಗಳೂರು ಕಡೆ ನಮ್ಮ ಅತ್ತೆಯ ಊರಲ್ಲಿ ಮಾತ್ರ ಬೇರೆಯದೇ ರಾಕ್ಷಸನನ್ನು ನೋಡಿದೆ. ಅಲ್ಲಿ ಮೂಡಲಪಾಯ ಬಯಲಾಟ ಆಡುತ್ತಿದ್ದರು. ಅಟ್ಟದ ಮೇಲೆ ಇಬ್ಬರು ತೆರೆ ಹಿಡಿದು ನಿಲ್ಲುವರು, ಮದ್ದಳೆ ಏರುತ್ತಾ ಹೋಗುವುದು, ತೆರೆ ಸರಿದರೆ ಕಿರೀಟ, ಭುಜಕೀರ್ತಿ ಕಟ್ಟಿದ ರಾಕ್ಷಸ! ಸಾರಥಿ ಕೈಮುಗಿದು ಕೇಳುತ್ತಾನೆ, ತಾವು ಯಾರು, ಯಾವ ಪಟ್ಟಣ, ಏನು ನಾಮಧೇಯ ಅಂತ. ರಾಕ್ಷಸ ತನ್ನ ಹೆಸರು, ಅಪ್ಪನ ಹೆಸರು, ಊರು, ಪರಾಕ್ರಮ ಎಲ್ಲವನ್ನೂ ತಾನೇ ಹೇಳಿಕೊಳ್ಳುತ್ತಾನೆ. ದೇವರಿಗೂ ಅದೇ ಪ್ರಶ್ನೆ, ರಾಕ್ಷಸನಿಗೂ ಅದೇ ಪ್ರಶ್ನೆ. "ಅವನೂ ಅರಸನೇ ಕಣಪ್ಪಾ" ಅಂದಿದ್ದರು ಅತ್ತೆ.

ಎಷ್ಟೋ ವರ್ಷದ ಮೇಲೆ 'ಬ್ಲ್ಯಾಕುಲಾ' ಎಂಬ ಅಮೆರಿಕದ ಸಿನಿಮಾ ನೋಡುವಾಗ ಆ ಅಟ್ಟ ನೆನಪಾಯಿತು. ಹೆಸರು ಕೇಳಿ ತಮಾಷೆ ಚಿತ್ರ ಇರಬೇಕು ಅಂದುಕೊಂಡು ಕೂತವನು ನಾನು. ಡ್ರಾಕುಲಾಗೆ ಕಪ್ಪು ಬಣ್ಣ ಬಳಿದರೆ ಬ್ಲ್ಯಾಕುಲಾ, ಅಷ್ಟೇ ತಾನೇ? ಅಲ್ಲ.

ಕಥೆ ಶುರುವಾಗುವುದು 1780ರಲ್ಲಿ. ಮಮುವಾಲ್ಡೆ ಎಂಬ ಆಫ್ರಿಕಾದ ರಾಜಕುಮಾರ ಹೆಂಡತಿ ಲೂವಾಳ ಜೊತೆ ಡ್ರಾಕುಲಾನ ಕೋಟೆಗೆ ಬರುತ್ತಾನೆ. ಗುಲಾಮರ ವ್ಯಾಪಾರ ನಿಲ್ಲಿಸಲು ಸಹಾಯ ಮಾಡಿ ಎಂದು ಕೇಳುವುದಕ್ಕೆ! ಡ್ರಾಕುಲಾಗೆ ಆ ವ್ಯಾಪಾರದಲ್ಲಿ ತಪ್ಪೇ ಕಾಣುವುದಿಲ್ಲ. ಅವನು ಮಮುವಾಲ್ಡೆಯ ಕತ್ತು ಕಚ್ಚಿ, ತನ್ನ ಹೆಸರನ್ನೇ ತಿರುಚಿ "ಬ್ಲ್ಯಾಕುಲಾ" ಎಂದು ಶಪಿಸಿ ಪೆಟ್ಟಿಗೆಯಲ್ಲಿ ಮುಚ್ಚಿಬಿಡುತ್ತಾನೆ. ಲೂವಾಳನ್ನು ಆ ಪೆಟ್ಟಿಗೆಯ ಪಕ್ಕದಲ್ಲೇ ಸಾಯಲು ಬಿಡುತ್ತಾನೆ. ಆ ಪೆಟ್ಟಿಗೆ 1972ರಲ್ಲಿ ಲಾಸ್ ಏಂಜಲಿಸ್‌ಗೆ ಬಂದು ತೆರೆದುಕೊಳ್ಳುತ್ತದೆ.

ಗಮನಿಸಿ, ಇಲ್ಲಿ ರಾಕ್ಷಸ ಹುಟ್ಟಿ ಬಂದವನಲ್ಲ, ಇನ್ನೊಬ್ಬರು ಮಾಡಿದ ರಾಕ್ಷಸ. ಗುಲಾಮರ ಹಡಗು ಹತ್ತಿದವರಿಗೆ ಆದದ್ದೂ ಇದೇ ಅಲ್ಲವೇ? ಹಳೆಯ ಹೆಸರು ಕಿತ್ತುಕೊಂಡು ಯಜಮಾನ ತನಗೆ ತೋಚಿದ ಹೆಸರು ಇಡುತ್ತಿದ್ದ.

ಇದು ಸುಮ್ಮನೆ ಬಂದದ್ದಲ್ಲ. ಮಮುವಾಲ್ಡೆಯಾಗಿ ನಟಿಸಿದ ವಿಲಿಯಂ ಮಾರ್ಷಲ್ ರಂಗಭೂಮಿಯಿಂದ ಬಂದವರು, ಒಥೆಲೋ ಪಾತ್ರಕ್ಕೆ ಹೆಸರಾದವರು. ಮೊದಲ ಚಿತ್ರಕಥೆಯಲ್ಲಿ ನಾಯಕನ ಹೆಸರು ಆಂಡ್ರ್ಯೂ ಬ್ರೌನ್ ಎಂದಿತ್ತು. ಅದು ಬಿಳಿಯರು ಕರಿಯರನ್ನು ಗೇಲಿ ಮಾಡಲು ಕಟ್ಟಿದ 'ಏಮೋಸ್ ಅಂಡ್ ಆಂಡಿ' ಎಂಬ ಹಳೆಯ ರೇಡಿಯೋ ಹಾಸ್ಯದ ಪಾತ್ರದ ಹೆಸರು. ಮಾರ್ಷಲ್ ಒಪ್ಪಲಿಲ್ಲ. ಆಫ್ರಿಕಾದ ರಾಜಕುಮಾರ, ಗುಲಾಮಗಿರಿಯ ಪ್ರಸ್ತಾಪ ಎಲ್ಲವೂ ಅವರ ಒತ್ತಾಯದಿಂದ ಸೇರಿದವು. ನಿರ್ದೇಶಕ ವಿಲಿಯಂ ಕ್ರೇನ್ ಕೂಡ ಕಪ್ಪು ಜನಾಂಗದವರೇ.

ಆ ಕಾಲವೇ ಹಾಗಿತ್ತು. 1971ರಲ್ಲಿ 'ಸ್ವೀಟ್ ಸ್ವೀಟ್‌ಬ್ಯಾಕ್', 'ಶಾಫ್ಟ್' ಚಿತ್ರಗಳು ಚೆನ್ನಾಗಿ ದುಡ್ಡು ಮಾಡಿದವು. ಕಪ್ಪು ಪ್ರೇಕ್ಷಕರೂ ಟಿಕೆಟ್ ಕೊಳ್ಳುತ್ತಾರೆ ಎಂದು ಹಾಲಿವುಡ್‌ಗೆ ಆಗ ಹೊಳೆಯಿತು! ಕಡಿಮೆ ಖರ್ಚಿನಲ್ಲಿ ಇಂಥ ಚಿತ್ರಗಳು ಸಾಲುಸಾಲಾಗಿ ಬಂದವು. ಇವನ್ನು ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಚಿತ್ರಗಳು ಅನ್ನುತ್ತಾರೆ. ಕಪ್ಪು ಮತ್ತು ಶೋಷಣೆ ಎಂಬ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು 1972ರಲ್ಲಿ ಈ ಮಾತನ್ನು ಬಳಕೆಗೆ ತಂದವರು ಎನ್‌ಎಎಸಿಪಿ ಸಂಘಟನೆಯ ಜೂನಿಯಸ್ ಗ್ರಿಫಿನ್. ಹೊಗಳಿಕೆಗಲ್ಲ, ಬೈಯುವುದಕ್ಕೆ. ನಮ್ಮವರನ್ನು ಪುಂಡರು, ಸೂಳೆಗಾರರು ಎಂದು ತೋರಿಸಿ ಯಾರೋ ದುಡ್ಡು ಮಾಡಿಕೊಳ್ಳುತ್ತಿದ್ದಾರೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯ ಇತ್ತು.

ಬ್ಲ್ಯಾಕುಲಾ ಗೆದ್ದ ಮೇಲೆ ಹಳೆಯ ಭೂತಗಳೆಲ್ಲ ಒಂದೊಂದಾಗಿ ಬಣ್ಣ ಬದಲಿಸಿದವು. 1974ರ 'ಶುಗರ್ ಹಿಲ್'ನಲ್ಲಿ ಮಣ್ಣಿನಿಂದೆದ್ದು ಬರುವ ಜೋಂಬಿಗಳು ಗುಲಾಮರಾಗಿ ಸತ್ತವರು, ಕೈಯಲ್ಲಿ ಇನ್ನೂ ಬೇಡಿ. ಜೋಂಬಿಯ ಕಲ್ಪನೆ ಹುಟ್ಟಿದ್ದೇ ಹೈಟಿಯ ಗುಲಾಮರ ನಡುವೆ, ಹಾಗಾಗಿ ಇದು ತವರಿಗೆ ಮರಳಿದ ಹಾಗೆ. 1976ರ 'ಡಾಕ್ಟರ್ ಬ್ಲ್ಯಾಕ್, ಮಿಸ್ಟರ್ ಹೈಡ್'ನಲ್ಲಿ ಒಳ್ಳೆಯ ಕಪ್ಪು ವೈದ್ಯ ಔಷಧಿ ಚುಚ್ಚಿಕೊಂಡು ಬಿಳಿಯ ರಾಕ್ಷಸನಾಗುತ್ತಾನೆ. ಎಲ್ಲವೂ ಹೀಗೆ ಇರಲಿಲ್ಲ ಅನ್ನಿ. 1973ರ 'ಬ್ಲ್ಯಾಕೆನ್‌ಸ್ಟೈನ್' ವಿಯೆಟ್ನಾಂನಲ್ಲಿ ಕೈಕಾಲು ಕಳೆದುಕೊಂಡ ಸೈನಿಕನ ಕಥೆ. ಎಂಥಾ ಒಳ್ಳೆಯ ವಸ್ತು! ಆದರೆ ರಾಕ್ಷಸನಾದ ಮೇಲೆ ಅವನಿಗೆ ಬರೀ ಗುಟುರು. ನನ್ನ ಶಾಲೆಯ ನಾಟಕದ ಹಾಗೆ.

ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ಕನ್ನಡದಲ್ಲಿ ಈ ಕೆಲಸ ಸುಮಾರು ಒಂಬೈನೂರು ವರ್ಷದ ಹಿಂದೆಯೇ ಆಗಿದೆ. ಜೈನ ಕವಿ ನಾಗಚಂದ್ರನ ರಾಮಾಯಣದಲ್ಲಿ ರಾವಣ ನರಭಕ್ಷಕನಲ್ಲ, ವಿದ್ಯಾಧರ ಕುಲದ ಅರಸ. ಜೈನ ಪರಂಪರೆ ಹೇಳುವಂತೆ ಹತ್ತು ತಲೆಯೂ ನಿಜವಲ್ಲ, ಕೊರಳ ಹಾರದ ರತ್ನಗಳಲ್ಲಿ ಅವನ ಮುಖ ಮೂಡಿದ್ದಕ್ಕೆ ದಶಮುಖ ಎಂಬ ಹೆಸರು. ತಪ್ಪು ಮಾಡುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ರಾವಣನ ಮನಸ್ಸು ಬದಲಾಗುವಂತೆ ಮಾಡಿದ್ದು ಇದೇ ದಾರಿಯಲ್ಲಿ.

ಸಿನಿಮಾದಲ್ಲೂ ಅಷ್ಟೇ. ರಾಜ್‌ಕುಮಾರ್ 1958ರಲ್ಲಿ 'ಭೂಕೈಲಾಸ'ದ ರಾವಣ, 1959ರಲ್ಲಿ ಬಿ.ಎಸ್. ರಂಗಾ ಅವರ 'ಮಹಿಷಾಸುರ ಮರ್ದಿನಿ'ಯ ಮಹಿಷಾಸುರ, 1983ರಲ್ಲಿ 'ಭಕ್ತ ಪ್ರಹ್ಲಾದ'ದ ಹಿರಣ್ಯಕಶಿಪು. ಜನ ಶಿಳ್ಳೆ ಹೊಡೆದದ್ದು ಯಾರಿಗೆ ಅಂತ ನಿಮಗೆ ಗೊತ್ತೇ ಇದೆ. ಮಹಿಷನ ಕಥೆಯನ್ನೇ ನೋಡಿ. ತಪಸ್ಸು ಮಾಡುತ್ತಿದ್ದ ಅವನ ಚಿಕ್ಕಪ್ಪ ಕರಂಭನನ್ನು ಇಂದ್ರ ಮೊಸಳೆಯಾಗಿ ಬಂದು ಕೊಂದ ಎಂದು ದೇವೀ ಭಾಗವತವೇ ಹೇಳುತ್ತದೆ. ನಮಗೆ ನೆನಪಿರುವುದು ಕೋಡು ಮಾತ್ರ.

ಬ್ಲ್ಯಾಕುಲಾದ ಕೊನೆಗೆ ಮಮುವಾಲ್ಡೆಯನ್ನು ಯಾರೂ ಕೊಲ್ಲುವುದಿಲ್ಲ. ಪ್ರೀತಿಸಿದವಳು ಸತ್ತ ಮೇಲೆ ತಾನಾಗಿಯೇ ಮೆಟ್ಟಿಲು ಹತ್ತಿ ಬಿಸಿಲಿಗೆ ಹೋಗಿ ಸಾಯುತ್ತಾನೆ. ಆದರೆ 1973ರ ಎರಡನೆಯ ಭಾಗದಲ್ಲಿ ಅವನನ್ನು ಮಮುವಾಲ್ಡೆ ಎಂದು ಕರೆದಾಗ, ಅಲ್ಲ, ನಾನು ಬ್ಲ್ಯಾಕುಲಾ ಎಂದು ಅವನೇ ಅಬ್ಬರಿಸುತ್ತಾನೆ. ಅಂಟಿಸಿದ ಹೆಸರನ್ನು ಅವನೇ ಎತ್ತಿ ಹಿಡಿಯುತ್ತಾನೆ. ಅದು ಗೆಲುವೋ ಸೋಲೋ, ನನಗೆ ಇನ್ನೂ ತೀರ್ಮಾನ ಆಗಿಲ್ಲ.

ಚನ್ನಗಿರಿಯ ಸೂಳೆಕೆರೆಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ಸೂಳೆಯರದ್ದಾಗಿತ್ತಂತೆ. ಕೆರೆಗೆ ನಮ್ಮ ಹೆಸರು ಇಡುವುದಾದರೆ ಜಾಗ ಕೊಡುತ್ತೇವೆ ಅಂದರಂತೆ. ಮುಂದೆ ಶಾಂತಿಸಾಗರ ಎಂಬ ಮರ್ಯಾದೆಯ ಹೆಸರು ಬಂತು. ಜನ ಈಗಲೂ ಅನ್ನುವುದು ಸೂಳೆಕೆರೆ ಅಂತಲೇ. ಯಾರ ಹೆಸರನ್ನು ಊರು ಬೈಗುಳ ಮಾಡಿತ್ತೋ ಅವರು ಅದನ್ನೇ ಕೇಳಿ ಪಡೆದರು, ಊರೆಲ್ಲ ಆ ನೀರು ಕುಡಿಯಿತು.

ನನ್ನ ಮಗನೂ ನನ್ನ ಬಣ್ಣವೇ. ಅವನಿಗೂ ಒಂದು ದಿನ ರಾಕ್ಷಸನ ಪಾತ್ರ ಸಿಕ್ಕೇ ಸಿಗುತ್ತದೆ. ಬೇಡ ಅನ್ನಲಾರೆ. "ಹಹ್ಹಹ್ಹಾ" ಅನ್ನುವ ಮೊದಲು ನಿನ್ನ ಹೆಸರು, ಅಪ್ಪನ ಹೆಸರು, ಊರು ಗಟ್ಟಿಯಾಗಿ ಹೇಳಪ್ಪಾ, ಮೇಷ್ಟ್ರು ಬರೆದಿರಲಿ ಬಿಡಲಿ ಅಂತ ಹೇಳಿಕೊಡುತ್ತೇನೆ.