ಸಸ್ಯಜನ್ಯ ಸಂಯುಕ್ತಗಳು, ಆಹಾರ ಕ್ರಮ ಹಾಗೂ ರಕ್ತಹೀನತೆ ನಿಯಂತ್ರಣ

ಹಿನ್ನೆಲೆ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದ್ದು, ಭತ್ತ ಇಲ್ಲಿನ ಪ್ರಧಾನ ಬೆಳೆಯಾಗಿರುತ್ತದೆ. ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ಒಣಬೇಸಾಯದಲ್ಲಿ ಸಜ್ಜೆ ಮತ್ತು ಜೋಳ, ನೀರಿನ ಅನುಕೂಲವಿರುವೆಡೆ ದಾಳಿಂಬೆ ಬೆಳೆಯಲಾಗುತ್ತದೆ. ಕೊಪ್ಪಳ ತಾಲ್ಲೂಕಿನಲ್ಲಿ ನೀರಾವರಿ ಮತ್ತು ಒಣಬೇಸಾಯ ಎರಡೂ ಇವೆ. ಈ ಬೆಳೆಗಳಲ್ಲಿನ ಸಂಯುಕ್ತಗಳು ಆರೋಗ್ಯಕ್ಕೆ, ವಿಶೇಷವಾಗಿ ಗರ್ಭಿಣಿಯರ ರಕ್ತಹೀನತೆಗೆ ಹೇಗೆ ಸಂಬಂಧಿಸಿವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಂಶೋಧನೆಯ ಸಾರಾಂಶ

ಹಣ್ಣು, ಸೊಪ್ಪು ಹಾಗೂ ಧಾನ್ಯಗಳಲ್ಲಿನ ಪಾಲಿಫಿನಾಲ್ ಮುಂತಾದ ಸಂಯುಕ್ತಗಳು ಉತ್ಕರ್ಷಣ ನಿರೋಧಕಗಳಾಗಿವೆ. ಆದರೆ ಇವುಗಳನ್ನು ಮಾತ್ರೆಯ ರೂಪದಲ್ಲಿ ಹೆಚ್ಚಾಗಿ ಸೇವಿಸುವುದು ಸುರಕ್ಷಿತವೆಂದು ಭಾವಿಸುವಂತಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರನ್ನೊಳಗೊಂಡ ಅಧ್ಯಯನದ ಫಲಿತಾಂಶವು 1994ರಲ್ಲಿ ಪ್ರಕಟವಾಗಿ, ಬೀಟಾ ಕ್ಯಾರೋಟಿನ್ ಮಾತ್ರೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿರುವುದು ಕಂಡುಬಂದಿತು. ಆದುದರಿಂದ ಈ ಸಂಯುಕ್ತಗಳನ್ನು ಆಹಾರದಿಂದಲೇ ಪಡೆಯುವುದು ಸೂಕ್ತ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿ.ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 0.65 ಮಿ.ಗ್ರಾಂ ಕಬ್ಬಿಣಾಂಶವಿರುತ್ತದೆ. ಆದಾಗ್ಯೂ ಸಜ್ಜೆಯಲ್ಲಿನ ಫೈಟೇಟ್ ಹಾಗೂ ಪಾಲಿಫಿನಾಲ್ ಮತ್ತು ಚಹಾದಲ್ಲಿನ ಟ್ಯಾನಿನ್ ಕಬ್ಬಿಣಾಂಶದೊಂದಿಗೆ ಸೇರಿ, ಅದು ರಕ್ತಕ್ಕೆ ಹೀರಲ್ಪಡುವುದನ್ನು ಕಡಿಮೆ ಮಾಡುತ್ತವೆ. ‘ಸಿ’ ಜೀವಸತ್ವವು ಹೀರಿಕೆಯನ್ನು ಹೆಚ್ಚಿಸುತ್ತದೆ. ದಾಳಿಂಬೆಯ ಕೆಂಪು ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣವೇ ಹೊರತು ಕಬ್ಬಿಣಾಂಶವಲ್ಲ. ದಾಳಿಂಬೆ ಉತ್ತಮ ಹಣ್ಣಾಗಿದ್ದರೂ ಅದು ಕಬ್ಬಿಣಾಂಶದ ಮಾತ್ರೆಗೆ ಬದಲಿಯಾಗದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಊಟಕ್ಕೆ ಅಥವಾ ಕಬ್ಬಿಣಾಂಶದ ಮಾತ್ರೆಗೆ ಒಂದು ಗಂಟೆ ಮೊದಲು ಮತ್ತು ನಂತರ ಚಹಾ, ಕಾಫಿ ಸೇವಿಸಬಾರದು.
2. ಸಜ್ಜೆ ರೊಟ್ಟಿ, ಮೆಂತ್ಯ ಅಥವಾ ರಾಜಗಿರಿ ಪಲ್ಯದೊಂದಿಗೆ ನಿಂಬೆಹಣ್ಣು, ನೆಲ್ಲಿಕಾಯಿ ಅಥವಾ ಪೇರಲ ಹಣ್ಣನ್ನು ಸೇವಿಸುವುದು.
3. ಕಾಳುಗಳನ್ನು ಮೊಳಕೆ ಬರಿಸಿ ಬಳಸುವುದು. ಇದರಿಂದ ಫೈಟೇಟ್ ಪ್ರಮಾಣ ಕಡಿಮೆಯಾಗುತ್ತದೆ.
4. ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ಸೇವಿಸದೆ, ಕನಿಷ್ಠ ಎರಡು ಗಂಟೆಗಳ ಅಂತರವಿರಿಸುವುದು.
5. ಕಬ್ಬಿಣಾಂಶದ ಮಾತ್ರೆಯಿಂದ ಮಲವು ಕಪ್ಪಾಗುವುದು ಸಹಜ. ಈ ಕಾರಣಕ್ಕೆ ಮಾತ್ರೆ ನಿಲ್ಲಿಸಬಾರದು. ಹೊಟ್ಟೆ ತೊಳಸಿದಂತಾದಲ್ಲಿ ಊಟದ ನಂತರ ಸೇವಿಸಬಹುದು.

ಸೇವೆ ಪಡೆಯುವ ವಿಧಾನ

2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ಪ್ರತಿದಿನ ಒಂದರಂತೆ 180 ದಿನ ಹಾಗೂ ಹೆರಿಗೆಯ ನಂತರ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಉಚಿತವಾಗಿ ನೀಡಲಾಗುತ್ತದೆ. ಗರ್ಭಿಣಿಯರು ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿಕೊಂಡು ತಾಯಿ ಕಾರ್ಡ್ ಪಡೆಯತಕ್ಕದ್ದು ಹಾಗೂ ಪ್ರತಿ ತಪಾಸಣೆಯ ವೇಳೆ ಅದನ್ನು ಹಾಜರುಪಡಿಸತಕ್ಕದ್ದು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಗರ್ಭಿಣಿಯರನ್ನು ರಕ್ತಹೀನತೆಯುಳ್ಳವರೆಂದು ಪರಿಗಣಿಸಿ ಚಿಕಿತ್ಸೆ ನೀಡಲಾಗುತ್ತದೆ. 7 ಗ್ರಾಂಗಿಂತ ಕಡಿಮೆ ಇದ್ದಲ್ಲಿ ಕೇವಲ ಆಹಾರವನ್ನು ನಂಬಿ ಕಾಯದೆ, ತಡಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು. ಹೆಚ್ಚಿನ ವಿವರಗಳಿಗೆ ಗ್ರಾಮದ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು.